ವಿದ್ಯಾರ್ಥಿವೇತನ: ಹಣಕ್ಕಿಂತ ಮೊದಲು ಭರವಸೆ

ಬಡವರ ಮನೆಯ ಹುಡುಗನು ಕಾಲೇಜಿಗೆ ಹೋಗಬೇಕೇ ಬೇಡವೇ ಎಂಬುದು ಪರೀಕ್ಷೆಯ ಫಲಿತಾಂಶ ಬಂದ ದಿನ ನಿಶ್ಚಯವಾಗುವುದಿಲ್ಲ. ಎರಡು ಮೂರು ವರ್ಷ ಮುಂಚೆಯೇ, ಮನೆಬಾಡಿಗೆ ಮತ್ತು ಊರಿಗೆ ಕಳಿಸಬೇಕಾದ ಹಣದ ಲೆಕ್ಕ ಹಾಕುವಾಗ ನಿಶ್ಚಯವಾಗಿಬಿಡುತ್ತದೆ. “ಹತ್ತನೆಯದು ಮುಗಿಯಲಿ, ಎಲ್ಲಾದರೂ ಕೆಲಸಕ್ಕೆ ಸೇರಿಸೋಣ” ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಆಡಿಯೂ ಇದ್ದೇವೆ. ಜಾಣ ಮಕ್ಕಳಿಗೆಂದು ಇರುವ ವಿದ್ಯಾರ್ಥಿವೇತನಗಳು ಈ ನಿಶ್ಚಯವನ್ನು ಬದಲಿಸಬಲ್ಲವೇ?

ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿಯ ಮಿಷಿಗನ್ ವಿಶ್ವವಿದ್ಯಾಲಯವು ಬಡ ವಿದ್ಯಾರ್ಥಿಗಳಿಗೆ ಧನಸಹಾಯ ಕೊಡುತ್ತಿದ್ದರೂ ಜಾಣರಾದ ಬಡ ಮಕ್ಕಳಲ್ಲಿ ಬಹುಮಂದಿ ಅರ್ಜಿಯನ್ನೇ ಹಾಕುತ್ತಿರಲಿಲ್ಲ. 2015ರಲ್ಲಿ ಅರ್ಥಶಾಸ್ತ್ರಜ್ಞೆ ಸೂಸನ್ ಡೈನಾರ್‌ಸ್ಕಿ ಮತ್ತು ಸಂಗಡಿಗರು ಒಂದು ಉಪಾಯ ಹೂಡಿದರು. ಪ್ರವೇಶ ದೊರೆತರೆ ನಾಲ್ಕು ವರ್ಷ ಬೋಧನಾ ಶುಲ್ಕವಿಲ್ಲ, ಅದಕ್ಕಾಗಿ ಬೇರೆ ಅರ್ಜಿಯೂ ಬೇಡ ಎಂದು ಕೆಲವು ಶಾಲೆಗಳ ಇಂಥ ಮಕ್ಕಳಿಗೆ ಮೊದಲೇ ಕಾಗದ ಕಳಿಸಲಾಯಿತು. ತಂದೆತಾಯಿಯರಿಗೂ ತಿಳಿಸಲಾಯಿತು.

ಕಾಗದ ಬಂದವರಲ್ಲಿ ನೂರಕ್ಕೆ 68 ಮಂದಿ ಅರ್ಜಿ ಹಾಕಿದರು. ಬಾರದವರಲ್ಲಿ 26 ಮಂದಿ ಮಾತ್ರ. ಇಂಥ ದೊಡ್ಡ ವಿದ್ಯಾಲಯಕ್ಕೆ ಸೇರಿದವರು ನೂರಕ್ಕೆ 27, ಕಾಗದವಿಲ್ಲದವರಲ್ಲಿ 12. ಹೆಚ್ಚಾಗಿ ಸೇರಿದ ಈ 15 ಮಂದಿಯಲ್ಲಿ ಸುಮಾರು ನಾಲ್ವರು, ಕಾಗದ ಬಾರದಿದ್ದರೆ ಯಾವ ಕಾಲೇಜನ್ನೂ ಸೇರುತ್ತಿರಲಿಲ್ಲ. ವಿಶೇಷವೆಂದರೆ, ಕಾಗದವಿಲ್ಲದಿದ್ದರೂ ಇವರಲ್ಲಿ ಹೆಚ್ಚಿನವರಿಗೆ ಅದೇ ಸಹಾಯ ದೊರೆಯಬಹುದಾಗಿತ್ತು. ಹೆಚ್ಚಿದ್ದು ಹಣವಲ್ಲ, ಭರವಸೆ.

ನಮ್ಮ ದೇಶದ ಕ್ರಮವನ್ನು ಈ ಬೆಳಕಿನಲ್ಲಿ ನೋಡೋಣ. ಹನ್ನೆರಡನೆಯ ತರಗತಿಯ ಅಂಕಗಳ ಮೇಲೆ ಕೇಂದ್ರ ಸರಕಾರ ಕೊಡುವ ವಿದ್ಯಾರ್ಥಿವೇತನಕ್ಕೆ ಪದವಿ ತರಗತಿ ಸೇರಿದ ಮೇಲೆಯೇ ಅರ್ಜಿ ಹಾಕಬೇಕು. ಹಣ ಬರುವುದು ಸೇರಿದ ಮೇಲೆ. ಸೇರುವ ಧೈರ್ಯವಾದರೋ ಮೊದಲೇ ಬೇಕು. ಇಂಥದೊಂದು ಇದೆಯೆಂದು ಮನೆಯವರಿಗೆ ಮುಂಚೆಯೇ ತಿಳಿಯದಿದ್ದರೆ ಹುಡುಗನು ಅಷ್ಟರಲ್ಲಿ ಅಂಗಡಿ ಸೇರಿರುತ್ತಾನೆ.

2008ರಲ್ಲಿ ಆರಂಭವಾದ, ಶಾಲೆಗಳಲ್ಲಿ ಎನ್.ಎಂ.ಎಂ.ಎಸ್. ಎಂದು ಕರೆಯುವ ವಿದ್ಯಾರ್ಥಿವೇತನವು ಈ ದೃಷ್ಟಿಯಿಂದ ಉತ್ತಮ. ಸರಕಾರಿ, ನಗರಪಾಲಿಕೆ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಇದರ ಪರೀಕ್ಷೆ. ಪ್ರತಿಯೊಂದು ರಾಜ್ಯವೂ ತನ್ನ ಶಾಲೆಗಳ ಮಕ್ಕಳಿಗೆ ಇದನ್ನು ನಡೆಸುವುದರಿಂದ ಹೊರನಾಡ ಕನ್ನಡಿಗರ ಮಕ್ಕಳಿಗೆ ಅಡ್ಡಿಯಿಲ್ಲ. ಮನೆಯ ವರಮಾನ 3.5 ಲಕ್ಷ ರೂಪಾಯಿ ಮೀರಿರಬಾರದು. ಗೆದ್ದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ತಿಂಗಳಿಗೆ ಸಾವಿರವೆಂದರೆ ದುಡಿಯುವ ಹುಡುಗನ ಸಂಬಳಕ್ಕೆ ಸಮವಲ್ಲ, ನಿಜ. ಆದರೆ ಮನೆಯ ನಿಶ್ಚಯ ಇನ್ನೂ ಗಟ್ಟಿಯಾಗದ ವಯಸ್ಸಿನಲ್ಲಿ ಅದು ಬರುತ್ತದೆ.

ಆದಕಾರಣ ಮಗುವು ಏಳನೆಯ ತರಗತಿಯಲ್ಲಿರುವಾಗಲೇ ಶಾಲೆಯಲ್ಲಿ ವಿಚಾರಿಸಿರಿ; ವರಮಾನದ ದಾಖಲೆಯನ್ನು ಮೊದಲೇ ಮಾಡಿಸಿಡಿರಿ. ಅರ್ಜಿ ತುಂಬುವುದು ಕಷ್ಟವಾದರೆ ಸಂಜೆ ನಮ್ಮ ವಾಚನಾಲಯಕ್ಕೆ ತನ್ನಿರಿ, ಕೂಡಿ ತುಂಬೋಣ. ಇವೆಲ್ಲಕ್ಕಿಂತ ಮುಖ್ಯವಾಗಿ, “ನಿನ್ನನ್ನು ಓದಿಸುತ್ತೇವೆ” ಎಂಬ ಮಾತನ್ನು ಮಗುವಿಗೆ ಇಂದೇ ಹೇಳಿರಿ.