ಬಿಳಿಗಿರಿಯ ನೆಲ್ಲಿಮರ

ಪೂರ್ವ ಪಶ್ಚಿಮ ಘಟ್ಟಗಳು ಒಂದನ್ನೊಂದು ಸಮೀಪಿಸುವ ಎಡೆಯಲ್ಲಿ ತಲೆಯೆತ್ತಿ ನಿಂತಿರುವ ಬಿಳಿಗಿರಿರಂಗನ ಬೆಟ್ಟವು 1974ರಲ್ಲಿ ಅಭಯಾರಣ್ಯವೆನಿಸುವುದಕ್ಕೆ ಬಹು ಪೂರ್ವದಿಂದಲೂ ಸೋಲಿಗ ಬುಡಕಟ್ಟಿನವರ ನಾಡಾಗಿದ್ದಿತು. ಕಾಡು ಸವರಿ ಬೆಳೆಯಿಡುವ ಪದ್ಧತಿಯನ್ನೂ ಬೇಟೆಯನ್ನೂ ತೊರೆಯಬೇಕಾಗಿ ಬಂದ ಮೇಲೆ ಪೋಡುಗಳೆಂಬ ಅವರ ಹಾಡಿಗಳಿಗೆ ಹೆಜ್ಜೇನು, ಸೀಗೆ, ಕಲ್ಲುಹೂವು, ನೆಲ್ಲಿ ಮೊದಲಾದ ಅರಣ್ಯೋತ್ಪನ್ನಗಳೇ ಜೀವನಾಧಾರವಾದುವು. ವರ್ಷವರ್ಷವೂ ಮೂಟೆಗಟ್ಟಲೆ ಕಾಯಿ ಪೇಟೆಗಿಳಿದರೆ ನೆಲ್ಲಿಯ ಸಂತತಿ ಉಳಿದೀತೆ ಎಂಬ ಶಂಕೆ ಸಹಜವಾದುದೇ.

ನೆಲದ ಮೇಲುದುರಿದ ನೆಲ್ಲಿಕಾಯನ್ನು ಚುಕ್ಕೆಜಿಂಕೆಯೂ ಕಾಡುಕುರಿಯೂ ಇಡಿಯಾಗಿ ನುಂಗುತ್ತವೆ. ಬಳಿಕ ನೆರಳಿನಲ್ಲಿ ಮೆಲುಕು ಹಾಕುವಾಗ ಗಟ್ಟಿಯಾದ ಓಟೆಯನ್ನು ಹೊರಗುಗುಳುತ್ತವೆ. ಬಿಸಿಲಿಗೆ ಒಣಗಿದ ಆ ಓಟೆಯು ತಾನಾಗಿಯೇ ಸಿಡಿದು, ಒಳಗಿನ ಮೂರು ಕೋಣೆಗಳಿಂದ ಎರಡೆರಡರಂತೆ ಆರು ಪುಟ್ಟ ಬೀಜಗಳು ತಾಯಿಮರದಿಂದ ದೂರದ ಮಣ್ಣಿಗೆ ಬೀಳುತ್ತವೆ. ಮನುಷ್ಯನು ಕೊಯ್ದೊಯ್ಯುವ ಕಾಯಿ ಈ ಯಾತ್ರೆಯಿಂದ ತಪ್ಪುವುದು ದಿಟ. ಆದರೂ ನೆಲ್ಲಿಯು ದೀರ್ಘಾಯುಷಿಯಾದ ಮರವಾದುದರಿಂದ, ಒಂದೆರಡು ಸುಗ್ಗಿಯ ಬೀಜನಷ್ಟಕ್ಕಿಂತ ಫಲ ಬಿಡುವ ರೆಂಬೆಯನ್ನೇ ಕಡಿದು ಕೆಡಹುವ ಅವಸರದ ಕೈ ಅದಕ್ಕೆ ಹೆಚ್ಚು ಘಾತಕ. ಇಂದು ಬಿಟ್ಟುಹೋದ ಕಾಯನ್ನು ನಾಳೆ ಮತ್ತೊಬ್ಬನು ಒಯ್ದಾನೆಂಬ ಭಯವಿದ್ದಲ್ಲಿ ಆ ಅವಸರವೂ ಇದ್ದೇ ಇರುತ್ತದೆ.

ಇಲ್ಲಿ ವರ್ಷಾನುಗಟ್ಟಲೆ ಮರಗಳನ್ನು ಅಳೆದು ಎಣಿಸಿದ ವಿಜ್ಞಾನಿಗಳು ನೆಲ್ಲಿಯ ಇಳಿಮುಖಕ್ಕೆ ಕೊಯಿಲೊಂದನ್ನೇ ಹೊಣೆಮಾಡುವಂತಿಲ್ಲವೆಂದು ಕಂಡುಕೊಂಡರು. ಸೋಲಿಗರು ಉಪ್ಪಿಲು ಎಂದು ಕರೆಯುವ ಬದನಿಕೆಯು ಕೊಂಬೆಗೆ ಬೇರೂರಿ ಮರದ ನೀರನ್ನೂ ಲವಣಗಳನ್ನೂ ಹೀರುತ್ತದೆ. ಅದರ ಅಂಟುಬೀಜವನ್ನು ಪುಟ್ಟ ಹಕ್ಕಿಗಳು ರೆಂಬೆಯಿಂದ ರೆಂಬೆಗೆ ಹಚ್ಚುತ್ತವೆ. ಕಾಯಿಗೆಂದು ಮರವೇರಿದವನು ಉಪ್ಪಿಲು ಹತ್ತಿದ ರೆಂಬೆಯನ್ನು ಸವರಿಹಾಕಿದರೆ ಅದು ಮರಕ್ಕೆ ಚಿಕಿತ್ಸೆಯೇ ಸರಿ. ವನ್ಯಜೀವಿ ಕಾಯಿದೆಗೆ 2002ರಲ್ಲಿ ತಿದ್ದುಪಡಿಯಾಗಿ, ಕೆಲವೇ ವರ್ಷಗಳಲ್ಲಿ ಮಾರಾಟದ ಸಂಗ್ರಹವು ನಿಷಿದ್ಧವಾದಾಗ, ಪೋಡುಗಳ ಸಂಪಾದನೆಯೊಡನೆ ಈ ಚಿಕಿತ್ಸೆಯೂ ನಿಂತಿತು.

ಕಾಡಿನ ನೆಲದಲ್ಲಿ ಲಂಟಾನದ ಪೊದೆಗಳು ಹಬ್ಬಿ ಎಳೆಯ ಸಸಿಗಳಿಗೆ ಬೆಳಕಿಲ್ಲದಂತೆ ಮಾಡಿರುವುದು ಇನ್ನೊಂದು ಸಂಕಟ. ಹಿಂದೆ ಬೇಸಗೆಯ ಮೊದಲಲ್ಲೇ ಹಾಕುತ್ತಿದ್ದ ತರಗುಬೆಂಕಿಯು ಒಣಗಿದೆಲೆಯನ್ನಷ್ಟೇ ಸುಟ್ಟು, ಉಪ್ಪಿಲನ್ನೂ ಪೊದೆಯನ್ನೂ ಹತೋಟಿಯಲ್ಲಿರಿಸುತ್ತಿತ್ತೆಂದು ಸೋಲಿಗ ಹಿರಿಯರು ಹೇಳುತ್ತಾರೆ. ಅದನ್ನು ತಡೆದ ಮೇಲೆ ಶೇಖರವಾದ ಉರುವಲಿಗೆ ಈಗ ಕಿಡಿ ತಗುಲಿದರೆ ಜ್ವಾಲೆಯು ಮರದ ನೆತ್ತಿಗೇರುತ್ತದೆ.

2011ರಲ್ಲಿ ಈ ಅರಣ್ಯವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಾಮುದಾಯಿಕ ಹಕ್ಕುಗಳೂ ಅರಣ್ಯಹಕ್ಕು ಕಾಯಿದೆಯಂತೆ ಮಾನ್ಯವಾದುವು. ಕಾಯನ್ನು ಕೊಯ್ಯುವ ಅಧಿಕಾರ ಮರಳಿತು, ಬೆಂಕಿಯ ನಿಷೇಧ ಮಾತ್ರ ಹಾಗೆಯೇ ಉಳಿದಿದೆ. ಆಯ್ದ ಕೆಲವು ತುಂಡು ನೆಲಗಳಲ್ಲಾದರೂ ಆ ಹಿರಿಯರ ಮೇಲ್ವಿಚಾರಣೆಯಲ್ಲೇ ತರಗುಬೆಂಕಿಯನ್ನು ಹಾಕಿಸಿ, ಸಸಿ ಎಷ್ಟು ಏಳುತ್ತವೆ, ಉಪ್ಪಿಲು ಎಷ್ಟು ತಗ್ಗುತ್ತದೆ ಎಂಬುದನ್ನು ಅರಣ್ಯ ಇಲಾಖೆಯೂ ವಿಜ್ಞಾನಿಗಳೂ ಜೊತೆಗೂಡಿ ಅಳೆದು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.