ಕಾರಣಿಕದ ನುಡಿಗೆ ಅರ್ಥ ಹೇಳುವ ಬಗೆ

ಮುಂದೆ ಆಗುವುದನ್ನು ಇಂದೇ ತಿಳಿಯಬೇಕೆಂಬ ಹಂಬಲ ಮನುಷ್ಯನಿಗೆ ಎಂದಿನಿಂದಲೂ ಇದೆ. ಹೊಲವನ್ನು ನಂಬಿದವನಿಗಂತೂ ಅದು ಕೇವಲ ಕುತೂಹಲವಲ್ಲ, ಹೊಟ್ಟೆಯ ಪ್ರಶ್ನೆ. ಪಟಾನ್‌ಚೆರುವಿನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕನ್ನಡ ಮನೆಗಳನ್ನೇ ನೋಡಿರಿ. ಸಂಬಳ ಇಲ್ಲಿ, ಎರಡು ಮೂರು ಎಕರೆ ಒಣಭೂಮಿ ಅಲ್ಲಿ. ಮಾಘಮಾಸ ಬಂದಿತೆಂದರೆ ಊರಿಗೆ ದೂರವಾಣಿ ಮಾಡಿ, 'ಈ ಸಲ ಕಾರಣಿಕ ಏನಾಯಿತವ್ವಾ?' ಎಂದು ಕೇಳುವ ಹಿರಿಯರು ಇನ್ನೂ ಇದ್ದಾರೆ. ಬರುವ ಉತ್ತರ ಒಂದೇ ಒಂದು ಸಾಲಿನದು. ಅದರ ಮೇಲೆ ನಡೆಯುವ ಚರ್ಚೆಯಾದರೋ ಒಂದು ವಾರದ್ದು. ಭೂಮಿಯನ್ನು ಪಾಲಿಗೆ ಕೊಡಬೇಕೆ, ತಾವೇ ಬಿತ್ತಬೇಕೆ, ಬೀಜಗೊಬ್ಬರಕ್ಕೆ ಸಾಲ ಎತ್ತಬಹುದೆ ಎಂಬ ಮಾತುಗಳೆಲ್ಲ ಆ ಒಂದು ಸಾಲಿಗೆ ಬಂದು ತಗಲಿಕೊಳ್ಳುತ್ತವೆ. ಆದಕಾರಣ ಇಂಥ ಗೂಢವಾಕ್ಯಗಳಿಗೆ ಜನರು ಅರ್ಥವನ್ನು ಹೇಗೆ ಹಚ್ಚುತ್ತಾರೆ ಎಂಬುದನ್ನು ವಿದ್ಯಾರ್ಥಿಗಳಾದ ನೀವು ತಿಳಿದಿರಬೇಕೆಂದು ನಮಗೆ ತೋರಿದೆ.

ಕಾರಣಿಕವೆಂದರೆ ದೈವದ ಪರವಾಗಿ ಆಡುವ ಭವಿಷ್ಯದ ನುಡಿ, ಆಡುಮಾತಿನಲ್ಲಿ ಕಾರ್ಣಿಕ. ಇದಕ್ಕೆ ಬಹು ಪ್ರಸಿದ್ಧವಾದ ಸ್ಥಳ ತುಂಗಭದ್ರೆಯ ದಡದ ಮೈಲಾರ. ಹೂವಿನಹಡಗಲಿ ತಾಲ್ಲೂಕಿಗೆ ಸೇರಿದ ಈ ಗ್ರಾಮ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಅದರೊಳಗೆ ಬಂದಿದೆ. ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನರು ಸೇರುತ್ತಾರೆ. ಹುಣ್ಣಿಮೆ ಕಳೆದು ಡೆಂಕನಮರಡಿಯೆಂಬ ಬಯಲಿನಲ್ಲಿ ಕಾರಣಿಕವಾಗುತ್ತದೆ. ಉಪವಾಸವ್ರತದಲ್ಲಿರುವ ಗೊರವಯ್ಯನು ನೆಟ್ಟಗೆ ನಿಲ್ಲಿಸಿದ ಎತ್ತರದ ಬಿಲ್ಲನ್ನೇರಿ, 'ಸದ್ದಲೇ' ಎಂದು ಕೂಗುತ್ತಾನೆ. ಅದುವರೆಗೆ 'ಏಳುಕೋಟಿ' ಎಂಬ ಘೋಷದಿಂದಲೂ ಡಮರುಗದ ಸದ್ದಿನಿಂದಲೂ ತುಂಬಿದ್ದ ಬಯಲು ಆ ಒಂದು ಕೂಗಿಗೆ ಸ್ತಬ್ಧವಾಗುತ್ತದೆ. ಗೊರವಯ್ಯನು ಒಂದು ವಾಕ್ಯವನ್ನು ನುಡಿದು, 'ಪರಾಕ್' ಎಂದು ಮುಗಿಸಿ, ಮೇಲಿನಿಂದ ಹಾಗೆಯೇ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು. 'ಸ್ವಾಮೀ, ಇದರ ಅರ್ಥವೇನು?' ಎಂದು ತಿರುಗಿ ಕೇಳುವುದಕ್ಕೆ ಎಡೆಯಿಲ್ಲ.

ನಮ್ಮ ಈ ನಗರದಲ್ಲೂ ಇಂಥದೊಂದು ಪದ್ಧತಿಯುಂಟು. ಆಷಾಢದ ಬೋನಾಲು ಉತ್ಸವದಲ್ಲಿ ಸಿಕಂದರಾಬಾದಿನ ಉಜ್ಜಯಿನಿ ಮಹಾಕಾಳಿಯ ಗುಡಿಯಲ್ಲಿ 'ರಂಗಂ' ನಡೆಯುವುದನ್ನು ನಿಮ್ಮಲ್ಲಿ ಕೆಲವರು ನೋಡಿಯೇ ಇರಬಹುದು. ಅಲ್ಲಿ ಸುಡದ ಹಸಿ ಮಡಕೆಯ ಮೇಲೆ ನಿಂತ ಸ್ತ್ರೀಯೊಬ್ಬಳು ಭವಿಷ್ಯವನ್ನು ನುಡಿಯುತ್ತಾಳೆ. ಆದರೆ ಅಲ್ಲಿ ಅರ್ಚಕರು ಪ್ರಶ್ನೆ ಕೇಳುತ್ತಾರೆ, ಉತ್ತರ ಬರುತ್ತದೆ. ಮಳೆಯನ್ನು ಕುರಿತು ಕೇಳಿದರೆ ಮಳೆಯ ಮಾತೇ ಬರುತ್ತದೆ. ಮೈಲಾರದಲ್ಲಿ ಪ್ರಶ್ನೆಯೇ ಇಲ್ಲವಾದ್ದರಿಂದ, ಯಾವ ಪ್ರಶ್ನೆಗೆ ಈ ಉತ್ತರ ಎಂಬುದನ್ನೂ ಕೇಳಿದವನೇ ಊಹಿಸಿಕೊಳ್ಳಬೇಕು. ಕಾರಣಿಕವು ಒಗಟಾಗುವುದು ಮುಖ್ಯವಾಗಿ ಇದರಿಂದಲೇ.

ಇನ್ನು ವಾಕ್ಯದ ರಚನೆಯನ್ನು ನೋಡೋಣ. 2023ರ ಫೆಬ್ರವರಿಯಲ್ಲಿ ಮೈಲಾರದಲ್ಲಾದ ಕಾರಣಿಕದಲ್ಲಿ ಎರಡು ಮಾತುಗಳು ಬಂದವು: ಒಂದು ಅಂಬಲಿ ಹಳಸುವುದು, ಇನ್ನೊಂದು ಕಂಬಳಿ ಬೀಸುವುದು. ಎರಡೂ ಬಡವನ ಮನೆಯ ವಸ್ತುಗಳು, ಎರಡಕ್ಕೂ ಪ್ರಾಸ. ಆದುದರಿಂದ ಕಿವಿಗೆ ಬಿದ್ದೊಡನೆ ನೆನಪಿನಲ್ಲಿ ನಿಲ್ಲುತ್ತವೆ. ಆದರೆ ವ್ಯಾಕರಣದ ಕಣ್ಣಿನಿಂದ ನೋಡಿದರೆ ಇಲ್ಲಿ ಎಷ್ಟು ಸಂಗತಿಗಳು ಬಿಟ್ಟುಹೋಗಿವೆ! ಯಾರ ಮನೆಯ ಅಂಬಲಿ? ಎಂದು ಹಳಸುವುದು? ಕಂಬಳಿಯನ್ನು ಬೀಸುವವರಾರು? ವಾಕ್ಯದಲ್ಲಿಲ್ಲದ ಪದವನ್ನು ಓದುಗನು ತಾನೇ ತಂದುಕೊಳ್ಳುವುದಕ್ಕೆ ಅಧ್ಯಾಹಾರವೆಂದು ಹೆಸರು. ಕಾರಣಿಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅಧ್ಯಾಹಾರವೇ ಎಂದರೆ ತಪ್ಪಾಗದು.

ಕ್ರಿಯಾಪದವನ್ನೂ ಗಮನಿಸಿರಿ. 'ಹಳಸಿತು' ಎಂದು ಹ್ರಸ್ವವಾಗಿ ಬರೆದರೆ ಭೂತಕಾಲ. 'ಹಳಸೀತು' ಎಂದು ದೀರ್ಘವಾಗಿ ಬರೆದರೆ ಸಂಭಾವನಾರ್ಥ, ಎಂದರೆ 'ಹಳಸಿದರೂ ಹಳಸಬಹುದು' ಎಂದು ಭಾವ. ಬಯಲಿನಲ್ಲಿ ಕೂಗಿದ ಮಾತಿನಲ್ಲಿ ಈ ಒಂದು ಮಾತ್ರೆಯ ಅಂತರವನ್ನು ಹಿಡಿಯುವುದು ಸುಲಭವಲ್ಲ. ಅಲ್ಲದೆ ಮೋಡ ಕಂಡೊಡನೆ ನಮ್ಮ ತಾಯಂದಿರು 'ಮಳೆ ಬಂತು, ಕಾಳು ಒಳಗೆ ತೆಗೆ' ಎನ್ನುವುದಿಲ್ಲವೆ? ಬರಲಿರುವುದನ್ನು ಬಂದುಹೋದಂತೆ ಹೇಳುವುದು ನಮ್ಮ ನುಡಿಯ ಗುಣ. ಹೀಗಾಗಿ ಒಬ್ಬನಿಗೆ ಕಾರಣಿಕವು ನಿಶ್ಚಯದ ಮಾತಾಗಿ ಕೇಳಿಸುತ್ತದೆ, ಪಕ್ಕದವನಿಗೆ ಎಚ್ಚರಿಕೆಯಾಗಿ ಕೇಳಿಸುತ್ತದೆ.

'ಬೀಸು' ಎಂಬ ಧಾತುವಿನ ಅರ್ಥವ್ಯಾಪ್ತಿಯಂತೂ ದೊಡ್ಡದು. ಗಾಳಿ ಬೀಸುತ್ತದೆ, ಬೆಸ್ತನು ಬಲೆ ಬೀಸುತ್ತಾನೆ, ಅಜ್ಜಿ ಜೋಳ ಬೀಸುತ್ತಾಳೆ, ಬಾವುಟವನ್ನೂ ಬೀಸಬಹುದು. ಅಂಬಲಿ ಹಳಸುವುದಕ್ಕೂ ಎರಡು ಕಾರಣಗಳು ಸಾಧ್ಯ. ಮನೆಯಲ್ಲಿದ್ದ ಕೊನೆಯ ಆಹಾರವೂ ಕೆಟ್ಟುಹೋಯಿತೆಂದರೆ ಅದು ಬರಗಾಲ. ಮನೆಯಲ್ಲಿ ಅನ್ನವೂ ರೊಟ್ಟಿಯೂ ಸಮೃದ್ಧವಾಗಿ, ಅಂಬಲಿಯನ್ನು ಕೇಳುವವರಿಲ್ಲದೆ ಹಳಸಿತೆಂದರೆ ಅದೇ ಸುಭಿಕ್ಷ! ಕಂಬಳಿಯನ್ನು ಕೊಪ್ಪೆಮಾಡಿ ತಲೆಗೆ ಹಾಕಿಕೊಂಡು ಹೊಲಕ್ಕೆ ಹೋಗುವ ರೈತನಿಗೆ ಕಂಬಳಿಯೆಂದರೆ ಮಳೆ. ಮೈಲಾರನ ಒಕ್ಕಲಿಗೆ ಅದು ಗೊರವರ ಪವಿತ್ರ ಉಡುಪು. ಇನ್ನೊಬ್ಬನಿಗೆ ಕುರಿಗಾಹಿಯ ಗುರುತು. ಒಂದೇ ವಾಕ್ಯದಿಂದ ಬರವನ್ನೂ ಬೆಳೆಯನ್ನೂ ನಾವು ಇಲ್ಲಿಯೇ ಕುಳಿತು ತೆಗೆದು ತೋರಿಸಿದಂತಾಯಿತು. ಇದರಲ್ಲಿ ನಮ್ಮ ಜಾಣ್ಮೆಯೇನೂ ಇಲ್ಲ, ವಾಕ್ಯವೇ ಅಂಥದು.

ಕರ್ತೃವನ್ನು ಹೇಳದ ವಾಕ್ಯದಿಂದ ರಾಜ್ಯವನ್ನೇ ಕಳೆದುಕೊಂಡವನ ಕಥೆಯನ್ನು ಗ್ರೀಕ್ ಇತಿಹಾಸಕಾರನಾದ ಹೆರೊಡೋಟಸನು ಬರೆದಿಟ್ಟಿದ್ದಾನೆ. ಲಿಡಿಯದ ಅರಸನಾದ ಕ್ರೀಸಸನು ಪರ್ಷಿಯದ ಮೇಲೆ ದಂಡೆತ್ತುವ ಮುನ್ನ ಡೆಲ್ಫಿಯ ದೈವವನ್ನು ಕೇಳಿಸಿದನಂತೆ. ಯುದ್ಧಕ್ಕೆ ಹೋದರೆ ಒಂದು ಮಹಾರಾಜ್ಯ ಅಳಿಯುವುದೆಂದು ಉತ್ತರ ಬಂದಿತು. ಅಳಿಯುವುದು ಶತ್ರುವಿನದೆಂದು ಅವನು ಅಧ್ಯಾಹಾರ ಮಾಡಿಕೊಂಡನು. ಅಳಿದದ್ದು ಅವನದೇ.

ಇರಲಿ, ಮೈಲಾರಕ್ಕೆ ಮರಳೋಣ. 2023 ಕರ್ನಾಟಕದಲ್ಲಿ ಚುನಾವಣೆಯ ವರ್ಷ. ಮೇ 10ರಂದು ಮತದಾನ, 13ರಂದು ಎಣಿಕೆ. ಕುರುಬ ಸಮುದಾಯದಿಂದ ಬಂದ ಸಿದ್ದರಾಮಯ್ಯನವರು ಮೇ 20ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ ಮೇಲೆ, ಕಂಬಳಿಯೆಂದರೆ ಇದೇ ಎಂದು ಅನೇಕರು ನಿಶ್ಚಯಿಸಿದರು. ಹಳಸಿದ ಅಂಬಲಿಯು ಹಿಂದಿನ ಸರ್ಕಾರವಾಯಿತು. ಕೇಳುವುದಕ್ಕೆ ಅರ್ಥ ಬಹಳ ಚೆನ್ನಾಗಿ ಹೊಂದುತ್ತದೆ. ಆದರೆ ನಾವು ಒಂದು ಪ್ರಶ್ನೆಯನ್ನು ಹಾಕಿಕೊಳ್ಳಬೇಕು: ಫಲಿತಾಂಶ ಬೇರೆಯಾಗಿದ್ದರೆ ಕಾರಣಿಕ ಸುಳ್ಳಾಯಿತೆಂದು ಯಾರಾದರೂ ಹೇಳುತ್ತಿದ್ದರೆ? ಕರ್ನಾಟಕದ ಸಭೆಗಳಲ್ಲಿ ಯಾವ ಪಕ್ಷದ ನಾಯಕರಿಗಾದರೂ ಕಂಬಳಿ ಹೊದಿಸಿ ಗೌರವಿಸುವುದುಂಟು. ಯಾರು ಗೆದ್ದಿದ್ದರೂ ಆ ಕಂಬಳಿ ಅವರ ಹೆಗಲಿಗೆ ಸರಿಯಾಗಿ ಕೂರುತ್ತಿತ್ತು.

ಅದೇ ವರ್ಷ ಮುಂಗಾರು ಕೈಕೊಟ್ಟಿತು. ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಅಂಬಲಿಯ ಮಾತು ಬರವನ್ನೇ ಸೂಚಿಸಿತ್ತೆಂದು ಈಗ ಹೇಳಬಹುದು. ಹೇಳುವುದು ಸುಲಭವೂ ಹೌದು. ಆದರೆ ಬಿತ್ತನೆಗೆ ಮುಂಚೆ ಅದು ರೈತನಿಗೆ ಯಾವ ಉಪಕಾರವನ್ನು ಮಾಡಿತು? 'ಈ ಸಲ ಕಾರಣಿಕ ಒಳ್ಳೆಯದು' ಎಂದು ನಂಬಿ ಸಾಲ ಎತ್ತಿದವನಿಗೂ, 'ಕೆಟ್ಟದು' ಎಂದು ಹೆದರಿ ಭೂಮಿಯನ್ನು ಬೀಳುಬಿಟ್ಟವನಿಗೂ ಅದು ಒಂದೇ ವಾಕ್ಯ. ಘಟನೆ ನಡೆದ ಮೇಲೆ ಹೊಂದುವ ಅರ್ಥವು ವ್ಯಾಖ್ಯಾನವಾದೀತೇ ಹೊರತು ಮುನ್ಸೂಚನೆಯಾಗಲಾರದು.

ಇದಕ್ಕೆ ಹೋಲಿಸಿ ಹವಾಮಾನ ಇಲಾಖೆಯ ಮಾತನ್ನು ನೋಡಿರಿ. ಅದೇ 2023ರ ಏಪ್ರಿಲ್‌ನಲ್ಲಿ ಭಾರತೀಯ ಹವಾಮಾನ ಇಲಾಖೆಯು, ದೇಶದ ಮುಂಗಾರು ಮಳೆ ದೀರ್ಘಕಾಲದ ಸರಾಸರಿಯ ನೂರಕ್ಕೆ 96ರಷ್ಟಾಗಬಹುದು, ಐದು ಅಂಶ ಹೆಚ್ಚುಕಡಿಮೆಯಾಗಬಹುದು ಎಂದು ಹೇಳಿತು. ಕೊನೆಗೆ ಆದದ್ದು 94. ಇಲ್ಲಿ ಎಷ್ಟು, ಯಾವ ತಿಂಗಳಿನಿಂದ ಯಾವ ತಿಂಗಳಿನವರೆಗೆ, ಎಷ್ಟರ ಮಟ್ಟಿಗೆ ತಪ್ಪಬಹುದು ಎಂಬುದೆಲ್ಲವೂ ಮುಂಚಿತವಾಗಿಯೇ ಬರೆದಿದೆ. 80 ಬಂದಿದ್ದರೆ ಮಾತು ತಪ್ಪಿತೆಂದು ಶಾಲೆಯ ಹುಡುಗನೂ ತೋರಿಸಬಹುದಾಗಿತ್ತು. ಹಾಗೆಂದು ಇದೇ ಸರ್ವಸ್ವವೆಂದು ತಿಳಿಯಬೇಡಿರಿ. ದೇಶಕ್ಕೆ 94 ಬಂದ ವರ್ಷವೇ ಕರ್ನಾಟಕ ಒಣಗಿತು. ಸರಾಸರಿಯ ಲೆಕ್ಕ ನಮ್ಮೂರಿನ ಹೊಲಕ್ಕೆ ಹನಿ ನೀರನ್ನೂ ತರಲಿಲ್ಲ. ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾಗಳನ್ನು ಕುರಿತು ಸಂಶೋಧನೆ ನಡೆಯುತ್ತಿದೆ. ನಮ್ಮ ಊರುಗಳ ಹೊಲದಲ್ಲಿರುವುವೂ ಇವೇ ಬೆಳೆಗಳು. ಮಳೆ ಬಂದೀತೇ ಎಂದು ಕೇಳುವುದರ ಜೊತೆಗೆ, ಬಾರದಿದ್ದರೂ ನಿಲ್ಲುವ ತಳಿ ಯಾವುದೆಂದು ಕೇಳುವುದೂ ಭವಿಷ್ಯವನ್ನು ಕೇಳುವ ಒಂದು ಬಗೆಯೇ.

ಕಾರಣಿಕವು ಒಂದು ವರ್ಷದ ಮಾತಾದರೆ, ಕಾಲಜ್ಞಾನವು ಯುಗದ ಮಾತು. ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಬಸವಣ್ಣನ ಹೆಸರಿನಲ್ಲಿ ಕನ್ನಡ ಕಾಲಜ್ಞಾನ ಸಾಹಿತ್ಯವೇ ಇದೆ. ತೆಲುಗಿನಲ್ಲಿ ಪೋತುಲೂರಿ ವೀರಬ್ರಹ್ಮೇಂದ್ರಸ್ವಾಮಿಗಳ ಕಾಲಜ್ಞಾನ ಮನೆಮನೆಯ ಮಾತು. ಕಡಪ ಜಿಲ್ಲೆಯಲ್ಲಿ ಅವರ ಮಠವಿದೆ. ಕೆಡುಕು ತುಂಬಿದ ಕಾಲದಲ್ಲಿ ವೀರವಸಂತರಾಯನೆಂಬ ಅರಸನು ಬಂದು ಧರ್ಮವನ್ನು ನಿಲ್ಲಿಸುವನೆಂದು ಕನ್ನಡದವರು ಕಾದರೆ, ವೀರಭೋಗ ವಸಂತರಾಯನು ಬರುವನೆಂದು ತೆಲುಗಿನವರು ಕಾದರು. ಮೈಲಾರನೂ ಹೀಗೆಯೇ ಗಡಿಯನ್ನು ದಾಟಿದ ದೈವ. ಜೇಜುರಿಯಲ್ಲಿ ಖಂಡೋಬ, ಕೊಮುರವೆಲ್ಲಿಯಲ್ಲಿ ಮಲ್ಲನ್ನ. ಭಾಷೆಗಳ ನಡುವೆ ಗೋಡೆಯಿಲ್ಲದ ನಾಡು ಇದು. ನಮ್ಮ ಪಟಾನ್‌ಚೆರುವನ್ನೇ 11ನೆಯ ಶತಮಾನದ ಚಾಲುಕ್ಯ ಜಯಸಿಂಹನ ನೆಲೆವೀಡಾದ ಪೊಟ್ಟಳಕೆರೆಯೆಂದು ವಿದ್ವಾಂಸರು ಗುರುತಿಸುತ್ತಾರೆಂಬುದನ್ನು ಇಲ್ಲಿ ನೆನೆಯಬಹುದು.

ಕಾಲಜ್ಞಾನದಲ್ಲಿ ಇನ್ನೊಂದು ತೊಡಕುಂಟು. ಕಾರಣಿಕವನ್ನು ಸಾವಿರಾರು ಜನ ಒಟ್ಟಿಗೆ ಕೇಳಿರುತ್ತಾರೆ, ದಿನವೂ ಗೊತ್ತಿರುತ್ತದೆ. ಕಾಲಜ್ಞಾನವಾದರೋ ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ, ಈಗ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿದೆ. ಹೋಗುವ ದಾರಿಯಲ್ಲಿ ಹೊಸ ಸಾಲು ಸೇರಿದರೆ ತಡೆಯುವವರಿಲ್ಲ. 2020ರಲ್ಲಿ ಕರೋನಾ ಬಂದಾಗ, ಅದನ್ನು ಹೋಲುವ ಹೆಸರಿನ ರೋಗವನ್ನು ಬ್ರಹ್ಮೇಂದ್ರಸ್ವಾಮಿಗಳು ಮೊದಲೇ ಹೇಳಿದ್ದರೆಂಬ ಸಾಲುಗಳು ಈ ನಗರದಲ್ಲಿ ಎಷ್ಟು ವೇಗವಾಗಿ ಹಬ್ಬಿದವು! ಅಂಥ ಸಂದರ್ಭದಲ್ಲಿ ಅರ್ಥವನ್ನು ವಿಚಾರಿಸುವುದಕ್ಕೆ ಮೊದಲು ಪಾಠವನ್ನು ವಿಚಾರಿಸಬೇಕು. ರೋಗ ಬರುವುದಕ್ಕೆ ಮುಂಚೆ ಅಚ್ಚಾದ ಪುಸ್ತಕದಲ್ಲಿ ಆ ಸಾಲು ಇದೆಯೆ? ಇದ್ದರೆ ಯಾವ ಪುಟ? ಇಷ್ಟನ್ನು ಕೇಳಿದರೆ ಸಾಕು, ಬಹಳಷ್ಟು ಸಂದೇಶಗಳು ಅಲ್ಲಿಯೇ ನಿಲ್ಲುತ್ತವೆ.

ನಿಮ್ಮಲ್ಲಿ ಹಲವರು ಗಣಕಯಂತ್ರದ ಕಲ್ಪಿತ ಲೋಕದ ಆಟಗಳಲ್ಲಿ ಇಂಥದೇ ಗೂಢವಾಣಿಗಳನ್ನು ಬಿಡಿಸುತ್ತೀರಿ. 2002ರಲ್ಲಿ ಬಂದ 'ಮಾರೋವಿಂಡ್' ಎಂಬ ಹೆಸರಾಂತ ಆಟದಲ್ಲಿ, ಹಿಂದಿನ ಕಾಲದ ವೀರನೊಬ್ಬನು ಮರಳಿ ಹುಟ್ಟಿಬರುವನೆಂಬ ಭವಿಷ್ಯವಾಣಿಯೇ ಕಥೆಯ ಬೆನ್ನೆಲುಬು. ಆಟಗಾರನು ಪರದೇಶದಿಂದ ಬಂದ ಕೈದಿ; ಗುರುತುಗಳು ಅವನಿಗೆ ಹೊಂದುತ್ತವೆಂದು ಚಕ್ರವರ್ತಿಯೇ ಅವನನ್ನು ಬಿಡಿಸಿ ಕಳುಹಿಸಿರುತ್ತಾನೆ. ಅವನಿಗಿಂತ ಮುಂಚೆ ತಾವೇ ಆ ವೀರರೆಂದು ಹೊರಟು ಸೋತವರೂ ಅದೇ ಕಥೆಯಲ್ಲಿದ್ದಾರೆ. ಹಾಗಾದರೆ ವಾಣಿ ನಿಜವಾಯಿತೆ, ಅಥವಾ ಹೊಂದುವವನನ್ನು ಹುಡುಕಿ ನಿಜಮಾಡಿದರೆ? ಆಟವನ್ನು ಬರೆದವರು ಈ ಸಂದೇಹವನ್ನು ಬೇಕೆಂದೇ ಉಳಿಸಿರುವುದು ನಮಗೆ ಮೆಚ್ಚುಗೆಯಾಯಿತು. ವೀರವಸಂತರಾಯನನ್ನು ಕಾದವರ ಮುಂದೆಯೂ ಇದೇ ಪ್ರಶ್ನೆಯಿತ್ತು. ಆದರೆ ಭೇದವೊಂದಿದೆ. ಆಟದಲ್ಲಿ ವಾಣಿಯನ್ನು ಬರೆದವನೇ ಮುಕ್ತಾಯವನ್ನೂ ಬರೆದಿದ್ದಾನೆ. ಆದಕಾರಣ ಅದು ತಪ್ಪುವಂತಿಲ್ಲ, ನೀವು ಸೋತರೂ ಮತ್ತೆ ಮೊದಲಿನಿಂದ ಆಡಬಹುದು. ಬಿತ್ತಿದ ಬೀಜವನ್ನು ಭೂಮಿಯಿಂದ ಹಿಂದಕ್ಕೆ ತೆಗೆಯಲಾಗದು.

ಮನೆಯ ಹಿರಿಯರೊಡನೆ ಈ ವಿಷಯದಲ್ಲಿ ವಾದಕ್ಕಿಳಿಯಿರೆಂದು ನಾವು ಹೇಳುತ್ತಿಲ್ಲ. ಅಷ್ಟು ಜನ ಒಂದು ಕೂಗಿಗೆ ಮೌನವಾಗಿ, ಮುಂದಿನ ವರ್ಷದ ಅನ್ನವನ್ನು ಕುರಿತು ಒಟ್ಟಿಗೆ ಕಿವಿಗೊಟ್ಟು ನಿಲ್ಲುವುದರಲ್ಲಿ ಗೌರವಿಸಬೇಕಾದದ್ದು ಬಹಳವಿದೆ. ಮಾಡಬಹುದಾದ ಕೆಲಸ ಬೇರೆ. ಮುಂದಿನ ಭರತ ಹುಣ್ಣಿಮೆಗೆ ಕಾರಣಿಕದ ಸಾಲು ಬಂದೊಡನೆ, ಹ್ರಸ್ವದೀರ್ಘಗಳನ್ನು ಊರಿನವರಿಂದಲೇ ವಿಚಾರಿಸಿ, ನೋಟುಪುಸ್ತಕದಲ್ಲಿ ತಾರೀಖು ಹಾಕಿ ಬರೆಯಿರಿ. ಅಜ್ಜ ಹೇಳುವ ಅರ್ಥ, ಅತ್ತೆ ಹೇಳುವ ಅರ್ಥ, ಪಕ್ಕದ ಮನೆಯವರು ಹೇಳುವ ಅರ್ಥ, ಎಲ್ಲವನ್ನೂ ಹೆಸರಿನ ಮುಂದೆ ಬರೆದುಕೊಳ್ಳಿರಿ. ಹಾಳೆಯ ಬಲಗಡೆಯ ಅರ್ಧವನ್ನು ಖಾಲಿ ಬಿಡಿರಿ. ದಸರೆಯ ರಜೆಗೆ ಊರಿಗೆ ಹೋದಾಗ, ಹೊಲವನ್ನು ನೋಡಿಕೊಂಡು ಬಂದು, ಆ ಅರ್ಧವನ್ನು ತುಂಬಿರಿ.