ಚಳಿಗಾಲದ ಮೈಸೂರು, ಕೈಯಲ್ಲಿ ಮೊಬೈಲು: ಫೋಟೊ ಬಗೆಗಿನ ಐದು ತಪ್ಪು ಕಲ್ಪನೆಗಳು

ಡಿಸೆಂಬರ್ ರಜೆ ಬಂತೆಂದರೆ ಮೂಗೂರು, ತಿ.ನರಸೀಪುರ, ನಂಜನಗೂಡು ಕಡೆಯ ಮನೆಗಳಿಗೂ ನೆಂಟರು ಬರುತ್ತಾರೆ. ಅವರೊಂದಿಗೆ ಅರಮನೆ, ಚಾಮುಂಡಿ ಬೆಟ್ಟ, ಸೋಮನಾಥಪುರ ಸುತ್ತಿ ಬಂದರೆ ಮೊಬೈಲ್ ತುಂಬ ಫೋಟೊ. ಕಟ್ಟು ಹಾಕಿಸುವಂಥದ್ದು ಒಂದೆರಡು ಸಿಕ್ಕರೆ ಪುಣ್ಯ. ದೂರು ಫೋನಿನ ಮೇಲೆ. ನಿಜವಾಗಿ ತಪ್ಪುವುದು ಬೆಳಕಿನ ಲೆಕ್ಕ.

ತಪ್ಪು ಕಲ್ಪನೆ: ಅರಮನೆಯ ದೀಪಾಲಂಕಾರ ಸೆರೆಹಿಡಿಯಲು ಚಳಿಗಾಲವೇ ಸರಿಯಾದ ಕಾಲ.

ಸತ್ಯ: ಓಡಾಡಲು ಹಿತ, ಆಕಾಶದ ಬಣ್ಣಕ್ಕೆ ಅಲ್ಲ. ಕ್ಯಾಲೆಂಡರುಗಳಲ್ಲಿ ಕಾಣುವ ಆ ಕಡುನೀಲಿ, ಸೂರ್ಯ ಮುಳುಗಿದ ಮೇಲೆ ಹೆಚ್ಚೆಂದರೆ ಅರ್ಧ ಗಂಟೆ ಉಳಿಯುತ್ತದೆ. ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸು. ಭಾನುವಾರ, ಸರ್ಕಾರಿ ರಜೆಗಳಲ್ಲಿ ದೀಪ ಬೆಳಗುವುದು ಸಾಮಾನ್ಯವಾಗಿ ಏಳಕ್ಕೆ. ಅಷ್ಟರಲ್ಲಿ ಆಕಾಶ ಕಪ್ಪಾಗಿರುತ್ತದೆ. ಜೂನ್‌ನಲ್ಲಿ ಸೂರ್ಯಾಸ್ತ 6.50ರ ಸುಮಾರು; ಮೋಡ ಅಡ್ಡ ಬರದಿದ್ದರೆ ನೀಲಿಯೂ ದೀಪವೂ ಒಟ್ಟಿಗೆ ಸಿಗುತ್ತವೆ. ಚಳಿಗಾಲದಲ್ಲಿ ಹೋದವರು ಖಾಲಿ ಆಕಾಶವನ್ನು ಬಿಟ್ಟು ಕಟ್ಟಡವನ್ನೇ ಚಿತ್ರದ ತುಂಬ ತುಂಬಿಸಿಕೊಳ್ಳುವುದು ಜಾಣತನ.

ತಪ್ಪು ಕಲ್ಪನೆ: ಕತ್ತಲಾದರೆ ಫ್ಲ್ಯಾಷ್ ಬೇಕೇ ಬೇಕು.

ಸತ್ಯ: ಮೊಬೈಲ್ ಫ್ಲ್ಯಾಷ್ ಬೆಳಗುವುದು ಮೂರು–ನಾಲ್ಕು ಮೀಟರ್ ಮಾತ್ರ. ಸುಮಾರು ಒಂದು ಲಕ್ಷ ಬಲ್ಬುಗಳ ಅರಮನೆಗೆ ಅದು ಏನೇನೂ ಸಾಲದು. ಮುಂದೆ ನಿಂತವರ ಬೆನ್ನು ಬೆಳ್ಳಗಾಗುತ್ತದೆ ಅಷ್ಟೆ. ಫ್ಲ್ಯಾಷ್ ಆರಿಸಿ, ನೈಟ್ ಮೋಡ್ ಹಾಕಿ, ಫೋನನ್ನು ಕಂಬಿಗೋ ಗೋಡೆಗೋ ಒತ್ತಿ ಹಿಡಿಯಿರಿ. ನೈಟ್ ಮೋಡ್ ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುವುದರಿಂದ ಕೈ ಅಲುಗಿದರೆ ಕೆಟ್ಟಿತು. ಅರಮನೆಯನ್ನು ಹಿಂದಿಟ್ಟುಕೊಂಡು ಹತ್ತಿರ ನಿಂತ ಮನೆಯವರ ಮುಖ ತೆಗೆಯುವಾಗ ಮಾತ್ರ ಫ್ಲ್ಯಾಷಿಗೆ ಕೆಲಸ.

ತಪ್ಪು ಕಲ್ಪನೆ: ಸೂರ್ಯ ಯಾವಾಗಲೂ ಬೆನ್ನ ಹಿಂದಿರಬೇಕು.

ಸತ್ಯ: ಶಿಲ್ಪಕ್ಕೆ ಈ ಮಾತು ಸಲ್ಲದು. ನೇರ ಬೆಳಕು ಬಿದ್ದರೆ ನೆರಳು ಮಾಯವಾಗಿ ಉಬ್ಬುಕೆತ್ತನೆ ಚಪ್ಪಟೆಯಾಗುತ್ತದೆ. ಸೋಮನಾಥಪುರದ ಹೊಯ್ಸಳರ ಕೇಶವ ದೇವಾಲಯದಲ್ಲಿ, 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಈ ಗುಡಿಯಲ್ಲಿ, ನೋಡಬೇಕಾದದ್ದು ಓರೆಬಿಸಿಲು. ಡಿಸೆಂಬರಿನಲ್ಲಿ ಸೂರ್ಯ ದಿನವಿಡೀ ದಕ್ಷಿಣದಲ್ಲೇ ಸಾಗುತ್ತಾನೆ. ನಡುಮಧ್ಯಾಹ್ನವೂ ಸುಮಾರು 54 ಡಿಗ್ರಿಗಿಂತ ಮೇಲೇರುವುದಿಲ್ಲ. ಹಾಗಾಗಿ ದಕ್ಷಿಣದ ಗೋಡೆಯ ಶಿಲ್ಪಗಳ ಮೇಲೆ ಓರೆಬೆಳಕು, ಉತ್ತರದ ಗೋಡೆಗೆ ಬರೀ ನೆರಳು. ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ, ಲೆಕ್ಕ ತಿರುಗುಮುರುಗು.

ತಪ್ಪು ಕಲ್ಪನೆ: ಪುರಾತತ್ವ ಇಲಾಖೆಯ ಗುಡಿಗಳಲ್ಲಿ ಫೋಟೊ ತೆಗೆಯುವಂತಿಲ್ಲ.

ಸತ್ಯ: ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2018ರಲ್ಲೇ ಕೆಲವೇ ಕಡೆ ಹೊರತುಪಡಿಸಿ ನಿರ್ಬಂಧ ಸಡಿಲಿಸಿದೆ. ಅಜಂತಾ ಗುಹೆ, ತಾಜ್‌ಮಹಲಿನ ಸಮಾಧಿಯ ಒಳಭಾಗ ಆ ಹೊರತಾದವುಗಳಲ್ಲಿ ಸೇರಿವೆ. ಪೂಜೆ ನಡೆಯುವ ಗುಡಿಗಳ ಗರ್ಭಗುಡಿಯ ಕಟ್ಟುಪಾಡು ಬೇರೆ. ಅಲ್ಲಿನ ಬೋರ್ಡು ಓದಿ ನಡೆಯಬೇಕು.

ತಪ್ಪು ಕಲ್ಪನೆ: ಬೆಟ್ಟದ ನಂದಿ ಬೂದಿಬಣ್ಣಕ್ಕೆ ಬಂದರೆ ಕ್ಯಾಮೆರಾ ಕೆಟ್ಟಿದೆ, ಹೆಚ್ಚು ಮೆಗಾಪಿಕ್ಸೆಲ್‌ನದು ಕೊಳ್ಳಬೇಕು.

ಸತ್ಯ: ಕ್ಯಾಮೆರಾ ಎದುರಿಗಿರುವುದನ್ನೆಲ್ಲ ನಡುಬೂದು ಎಂದೇ ಎಣಿಸಿ ಬೆಳಕು ಅಳೆಯುತ್ತದೆ. ಎಣ್ಣೆ ಹೀರಿ ಕರ್ರಗಾದ ಚಾಮುಂಡಿ ಬೆಟ್ಟದ ನಂದಿ ಪರದೆ ತುಂಬಿದರೆ, ಕತ್ತಲಾಯಿತೆಂದು ತಾನೇ ಬೆಳಕು ಏರಿಸಿಬಿಡುತ್ತದೆ. ಪರದೆಯ ಮೇಲೆ ನಂದಿಯನ್ನು ಮುಟ್ಟಿ ಬೆರಳನ್ನು ಕೆಳಗೆ ಜಾರಿಸಿ; ಕಪ್ಪು ಕಪ್ಪಾಗಿಯೇ ಬರುತ್ತದೆ. ಮೆಗಾಪಿಕ್ಸೆಲ್‌ಗೂ ಇದಕ್ಕೂ ಸಂಬಂಧವಿಲ್ಲ. 50 ಮೆಗಾಪಿಕ್ಸೆಲ್ ಎನ್ನುವ ಹಲವು ಫೋನುಗಳು ಸಾಮಾನ್ಯವಾಗಿ ಉಳಿಸುವುದೂ ನಾಲ್ಕು ಪಿಕ್ಸೆಲ್ ಸೇರಿಸಿದ ಸುಮಾರು 12 ಮೆಗಾಪಿಕ್ಸೆಲ್ ಚಿತ್ರವನ್ನೇ.

ಅರಮನೆ ಪೂರ್ವಕ್ಕೆ ಮುಖ ಮಾಡಿದೆ. ಹಾಗಾಗಿ ಬಾಗಿಲು ತೆರೆದ ಕೂಡಲೇ ಬೆಳಗಿನ ಹೊತ್ತಲ್ಲೇ ಅಲ್ಲಿಗೆ ಹೋಗಿ. ಮಧ್ಯಾಹ್ನಕ್ಕೆ ಬನ್ನೂರು ದಾರಿಯಲ್ಲಿ ಸೋಮನಾಥಪುರದ ದಕ್ಷಿಣ ಗೋಡೆ ನೋಡಿಕೊಂಡು ನರಸೀಪುರದ ಮೇಲೆ ಊರು ಸೇರಬಹುದು. ಹೊಸ ಫೋನಿಗೆ ಸಾಲ ಮಾಡುವ ಮೊದಲು, ಹೋಗುವ ಹೊತ್ತನ್ನು ಬದಲಿಸಿ ನೋಡಿ.